ಬಾ ಇಲ್ಲದ ಕಾಗುಣಿತ

ಚಳ್ಳಕೆರೆಯಲ್ಲಿ ಈಗ ಯಾರೂ ಯಾರನ್ನೂ ‘ಬಾ’ ಎನ್ನುವುದಿಲ್ಲ. ನೀವು ಒಬ್ಬರ ಮನೆಗೆ ಹೋದಿರಿ ಅಂತಿಟ್ಟುಕೊಳ್ಳಿ. ಕದ ತೆರೆಯುತ್ತಾರೆ, ಮುಖ ನೋಡುತ್ತಾರೆ, ಅಂಗೈಯ ಹಿಂಬದಿಯನ್ನು ನಿಮ್ಮ ಹಣೆಗೆ ತಾಗಿಸಿ ಬೆಚ್ಚಗಿದೆಯೋ ಇಲ್ಲವೋ ನೋಡುತ್ತಾರೆ, ಆಮೇಲೆ ತುಟಿ ಬಿಗಿಹಿಡಿದು ಪಕ್ಕಕ್ಕೆ ಸರಿಯುತ್ತಾರೆ. ನಿಮ್ಮ ಕಾಲು ತನ್ನಷ್ಟಕ್ಕೆ ಹೊಸ್ತಿಲು ದಾಟಿದರೆ ನೀವು ಮನುಷ್ಯರು, ನೀರು ಕೊಡುತ್ತಾರೆ. ದಾಟಲಿಲ್ಲವೋ, ಕದ ಹಾಕಿಕೊಂಡು ಮಂಡಳಿಗೆ ಫೋನು ಮಾಡುತ್ತಾರೆ. ಮದುವೆ ಕಾಗದಗಳಲ್ಲಿ ‘ಬಂಧುಮಿತ್ರರೊಡನೆ ಬಂದು’ ಎಂಬ ಸಾಲು ಹೋಗಿ ‘ಇಂಥ ದಿನ ಮದುವೆ ಇರುತ್ತದೆ’ ಎಂದಷ್ಟೇ ಉಳಿದಿದೆ. ಓದಿದರೆ ಕರೆಂಟು ತೆಗೆಯುವ ಪ್ರಕಟಣೆಯ ಹಾಗಿರುತ್ತದೆ. ತಾಯಂದಿರು ಅಂಗಳದ ಮಕ್ಕಳನ್ನು ಚಪ್ಪಾಳೆ ತಟ್ಟಿ ಒಳಗೆ ಸೇರಿಸುತ್ತಾರೆ. ಆ ಮಾತಿನ ನೆರಳೂ ಬೇಡವೆಂದು, ಹೊರಡುವವರು ‘ಬರ್ತೀನಿ’ ಎನ್ನುವ ಬದಲು ‘ಹೋಗ್ತೀನಿ’ ಅನ್ನುತ್ತಾರೆ. ಮೊದಲಾಗಿದ್ದರೆ ಮನೆಯ ಹಿರಿಯರು ಅಪಶಕುನದ ಮಾತು ಎಂದು ಬೈದು ಮತ್ತೆ ಕೂರಿಸುತ್ತಿದ್ದರು. ಶಾಲೆಯಲ್ಲಿ ಒಂದನೇ ತರಗತಿಯ ಮಕ್ಕಳು ‘ಬ, ಬಿ, ಬೀ, ಬು, ಬೂ’ ಎಂದು ಕಾಗುಣಿತ ಒಪ್ಪಿಸುತ್ತವೆ. ಬಾಳೆಹಣ್ಣನ್ನು ಬರೀ ಹಣ್ಣು ಅನ್ನುತ್ತವೆ. ನಡುವೆ ಒಂದಕ್ಷರ ಜಾರಿಹೋಗಿದೆ ಎಂದು ಅವಕ್ಕೆ ಗೊತ್ತೂ ಇಲ್ಲ.

ಇದಕ್ಕೆಲ್ಲ ಕಾರಣ ಮೂರು ವರ್ಷದ ಹಿಂದೆ ಬಂದ ರೋಗ. ಪತ್ರಿಕೆಗಳು ಅದನ್ನು ರಕ್ತಪಿಶಾಚಿ ರೋಗ ಎಂದು ಬರೆದವು, ರೋಗ ತಡೆಯಲು ಸರ್ಕಾರ ಮಾಡಿದ ಮಂಡಳಿ ‘ಶೀತರಕ್ತ’ ಎಂದು ಹೆಸರಿಟ್ಟಿತು, ಊರಿನವರು ಮಾತ್ರ ಅದು ಹತ್ತಿದವರನ್ನು ‘ತಣ್ಣನೋರು’ ಅಂದರು. ಹತ್ತಿದವರ ಮೈ ಹೊಸ ರಕ್ತ ಮಾಡುವುದನ್ನು ನಿಲ್ಲಿಸುತ್ತದೆ. ಮೈ ತಣ್ಣಗಾಗುತ್ತದೆ, ಬಿಸಿಲು ಬಿದ್ದಲ್ಲಿ ಚರ್ಮ ಸುಡುತ್ತದೆ, ಇನ್ನೊಬ್ಬರ ನೆತ್ತರು ಕುಡಿದರಷ್ಟೇ ಜೀವ ನಿಲ್ಲುತ್ತದೆ. ಜೊತೆಗೆ ಮಿದುಳಿನ ಒಂದು ಸಣ್ಣ ಜಾಗವನ್ನೂ ರೋಗ ತಿಂದುಹಾಕುತ್ತದೆ. ‘ನಾನು ಇದನ್ನು ಮಾಡ್ತೀನಿ’ ಎಂದು ಮನುಷ್ಯ ತಾನಾಗಿ ಹೊರಡುವ ಜಾಗ ಅದು. ಹಸಿವು ಅವರನ್ನು ಬಾಗಿಲ ತನಕ ಎಳೆದು ತರುತ್ತದೆ. ಅಲ್ಲಿಂದ ಒಳಗೆ ಕಾಲಿಡಲು ಇನ್ನೊಬ್ಬರ ಮಾತು ಬೇಕು. ‘ಬಾ’ ಅಂದರೆ ಬರುತ್ತಾರೆ, ಅನ್ನದಿದ್ದರೆ ನಿಂತೇ ಇರುತ್ತಾರೆ. ಮೊದಲ ತಿಂಗಳು ಇದು ಯಾರಿಗೂ ತಿಳಿಯಲಿಲ್ಲ. ಬಾಗಿಲಲ್ಲಿ ಯಾರಾದರೂ ನಿಂತಿದ್ದರೆ ‘ಯಾಕೆ ಅಲ್ಲೇ ನಿಂತ್ರಿ, ಒಳಗೆ ಬನ್ನಿ’ ಎನ್ನುವುದು ನಮ್ಮ ಜನರ ನಾಲಗೆಗೆ ಅಂಟಿಕೊಂಡ ಮಾತು. ಹಾಗೆ ಅಂದವರೆಲ್ಲ ಸತ್ತರು. ಸಿಡುಕರು, ಜಿಪುಣರು, ಬಂದವರಿಗೆ ಮುಖ ತಿರುಗಿಸುವವರು ಉಳಿದುಕೊಂಡರು. ಈಗಿನ ಚಳ್ಳಕೆರೆ ಅವರಿಂದಲೇ ತುಂಬಿದೆ ಎಂದು ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ, ಆದರೆ ನಿಜ.

ಕೆಲವು ಮುದುಕಿಯರು ಹಿಂದಿನ ಕಾಲದ ದೆವ್ವದ ಭಯ ನೆನಪು ಮಾಡಿಕೊಂಡು ಬಾಗಿಲ ಮೇಲೆ ಇದ್ದಿಲಿನಲ್ಲಿ ‘ನಾಳೆ ಬಾ’ ಎಂದು ಬರೆದಿದ್ದರು. ಅದು ಕೆಲಸ ಮಾಡಿತು ಎಂಬುದೇ ಸಂಕಟದ ವಿಷಯ. ಓದು ಬಲ್ಲ ತಣ್ಣನೋರು ನಾಳೆಗಾಗಿ ಕಾದು ನಿಂತರು; ನಾಳೆಯ ಜೊತೆ ಬಿಸಿಲೂ ಬಂತು. ಮಂಡಳಿಯವರು ಆಮೇಲೆ ಊರಿನ ಬಾಗಿಲುಗಳಿಗೆಲ್ಲ ಬಣ್ಣ ಬಳಿಸಿ ಆ ಬರಹ ಅಳಿಸಿದರು.

ಆ ಮಾತನ್ನು ಬಾಯಿಬಿಟ್ಟು ಆಡಲು ಊರಿಗೆಲ್ಲ ಪರವಾನಗಿ ಇದ್ದದ್ದು ಓಬಳೇಶನೊಬ್ಬನಿಗೆ. ಮೊದಲು ಅವನು ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳಿಗೆ ಜನ ಕೂಗುವ ಏಜೆಂಟು. ‘ಪಾವಗಡ ಪಾವಗಡ ಪಾವಗಡ, ಬನ್ನಿ ಬನ್ನಿ ಬನ್ನಿ’ ಎಂದು ಅವನು ಕೂಗಿದರೆ ಹಿರಿಯೂರಿಗೆ ಹೊರಟವನೂ ಒಂದು ಕ್ಷಣ ಪಾವಗಡಕ್ಕೇ ಹೋಗಲೇ ಎಂದು ಯೋಚಿಸುತ್ತಿದ್ದನಂತೆ. ಈಗ ಮಂಡಳಿಯ ಕಾಗದಗಳಲ್ಲಿ ಅವನ ಹುದ್ದೆ ‘ಕರೆಗಾರ’. ಜನರ ಬಾಯಲ್ಲಿ ಕರೆಯಪ್ಪ. ಎದುರಿಗೆ ಸಿಕ್ಕರೆ ಯಾರೂ ಮಾತಾಡಿಸುವುದಿಲ್ಲ. ಅವನ ಬಾಯಿಂದ ಏನು ಬೀಳುತ್ತದೋ ಎಂಬ ಅಂಜಿಕೆ.

ಕೆಲಸ ಹೇಳುವುದಕ್ಕೆ ಸುಲಭ. ಕಡಲೆಕಾಯಿ ಎಣ್ಣೆಗೆ ಹೆಸರಾಗಿದ್ದ ಊರಲ್ಲಿ ಮುಚ್ಚಿಹೋದ ಮಿಲ್ಲುಗಳಿಗೆ ಬರವಿಲ್ಲ. ಕಿಟಕಿಯಿಲ್ಲದ ಆ ಗೋಡೌನುಗಳಲ್ಲಿ ತಣ್ಣನೋರು ಹಗಲು ಕಳೆಯುತ್ತಾರೆ. ಮೈಯ ಶಾಖ ತೋರಿಸುವ ಕ್ಯಾಮೆರಾ ಹಿಡಿದರೆ ಇಲಿ ಹೆಗ್ಗಣ ಕೂಡ ಕಿತ್ತಳೆ ಬಣ್ಣಕ್ಕೆ ಕಾಣುತ್ತವೆ, ಇವರು ನೀಲಿ. ಯಾರೆಂದು ಗುರುತು ಹತ್ತಿದ ಮೇಲೆ ಓಬಳೇಶ ಅವರ ಮನೆಗೆ ಹೋಗುತ್ತಾನೆ. ದೂರದಿಂದ ಕರೆಯುವಾಗ ಬರೀ ‘ಬಾ’ ಎಲ್ಲರಿಗೂ ಸಾಲದು. ಮನೆಯಲ್ಲಿ ಹೇಗೆ ಕರೆಯುತ್ತಿದ್ದರೋ ಹಾಗೇ ಕರೆಯಬೇಕು.

ಆ ದಿನ ಅವನು ಹೋಗಿದ್ದು ಗಿರಿಜಮ್ಮ ಎಂಬ ವಿಧವೆಯ ಮನೆಗೆ. ಮಗ ವೀರಭದ್ರ, ಇಪ್ಪತ್ನಾಲ್ಕು ವಯಸ್ಸು, ನಾಲ್ಕು ತಿಂಗಳ ಹಿಂದೆ ಕಾಣೆಯಾದವನು. ಆಕೆ ಓಬಳೇಶನನ್ನು ಜಗಲಿಯ ತುದಿಯಲ್ಲಿ ಕೂರಿಸಿ ಕಾಗದದ ಲೋಟದಲ್ಲಿ ಮಜ್ಜಿಗೆ ಕೊಟ್ಟಳು.

‘ಹತ್ತು ದಿನದೊಳಗೆ ಸಿಕ್ಕಿದ್ರೆ ಸೂಜಿ ಹಾಕಿ ಉಳಿಸ್ಬೋದಿತ್ತಂತೆ, ಹೌದೇನಪ್ಪ?’

‘ಹೌದವ್ವ.’

‘ಈಗ ಆಗಾಕಿಲ್ವಾ?’

‘ಆಗಾಕಿಲ್ಲ. ಮನೇಲಿ ಏನಂತ ಕರೀತಿದ್ರಿ?’

ಆಕೆ ಬಾಯಿಬಿಡಲಿಲ್ಲ. ಜಗಲಿಯ ಧೂಳಿನಲ್ಲಿ ಬೆರಳಿಂದ ‘ಬಾ ಪುಟ್ಟಾ’ ಎಂದು ಬರೆದಳು. ಅವನು ಓದಿಕೊಂಡನೆಂದು ಖಾತ್ರಿಯಾದ ಮೇಲೆ ಅಂಗೈಯಿಂದ ಒರೆಸಿದಳು. ‘ಮೆಲ್ಲಗೆ ಕರಿಯಪ್ಪ. ಜೋರಾಗಿ ಕೂಗಿದ್ರೆ ಅವನಿಗೆ ಸಿಟ್ಟು ಬರ್ತಿತ್ತು’ ಎಂದಳು.

ನಡು ಮಧ್ಯಾಹ್ನ ಮಿಲ್ಲಿನ ತಗಡಿನ ಬಾಗಿಲು ಸರಿಸಿ, ಬಿಸಿಲಲ್ಲಿ ದೂರ ನಿಂತು ಓಬಳೇಶ ಮೆಲ್ಲಗೇ ಕರೆದ. ಕರೆದ ಮೇಲೆ ಮನಸ್ಸಿನಲ್ಲಿ ಎಣಿಸುವುದು ಅವನ ರೂಢಿ. ಮೂರು ಎಣಿಸುವುದರೊಳಗೆ ಎಂಥವರ ಕಾಲೂ ಎದ್ದಿರುತ್ತದೆ. ಎರಡಕ್ಕೇ ಕತ್ತಲಲ್ಲಿ ಸದ್ದಾಯಿತು. ಮಧ್ಯಾಹ್ನದ ನಿದ್ದೆಯಿಂದ ಊಟಕ್ಕೆ ಎಬ್ಬಿಸಿದವನ ಹಾಗೆ ಹುಡುಗ ಕಣ್ಣುಜ್ಜಿಕೊಳ್ಳುತ್ತ ಹೊರಗೆ ಬಂದ. ಹತ್ತು ಹೆಜ್ಜೆ ನಡೆದು ಬಿಸಿಲಲ್ಲೇ ಬಿದ್ದ. ಓಬಳೇಶ ಮುಖ ತಿರುಗಿಸಲಿಲ್ಲ. ಕರೆದವನು ನೋಡದಿದ್ದರೆ ಹೇಗೆ ಎಂಬುದು ಅವನ ನಿಯಮ. ಆಮೇಲೆ ಮಂಡಳಿಯ ಗಾಡಿ ಬಂತು.

ಅವನ ವಾಸ ಪಾವಗಡ ರಸ್ತೆಯ ಇನ್ನೊಂದು ಹಾಳು ಮಿಲ್ಲಿನ ಗುಮಾಸ್ತರ ಮನೆಯಲ್ಲಿ. ಊರೊಳಗೆ ಯಾರೂ ಮನೆ ಕೊಡಲಿಲ್ಲ. ಒಂದು ಕೋಣೆ, ಉತ್ತರಕ್ಕೆ ಮುಖ ಮಾಡಿದ ಉದ್ದನೆಯ ಜಗಲಿ, ಕದದ ಮೇಲೆ ಹಿಂದಿನವರು ಬರೆದ ‘ನಾಳೆ ಬಾ’. ಮಂಡಳಿಯ ಹಸಿರು ಬಣ್ಣದಡಿಯಿಂದ ಅದು ಈಗಲೂ ಮಸಕಾಗಿ ಎದ್ದು ಕಾಣುತ್ತದೆ. ಜಗಲಿಯ ಇನ್ನೊಂದು ತುದಿಯಲ್ಲಿ ಗಾಡಿ ತೂಗುತ್ತಿದ್ದ ಕಾಲದ ತೂಕದ ಮನೆ. ಅದಕ್ಕೆ ಕದವೂ ಇಲ್ಲ, ಹೊಸ್ತಿಲೂ ಇಲ್ಲ. ಎಂಟು ತಿಂಗಳಿಂದ ಅಲ್ಲಿ ಸಿರಿಯಮ್ಮ ಇದ್ದಳು.

ಸಿರಿಯಮ್ಮ ಕಂಬಳಿಗೆ ಉಣ್ಣೆ ನೂಲುವವಳು. ರೋಗ ಹತ್ತಿದ ಒಂಬತ್ತನೇ ದಿನ ಆಸ್ಪತ್ರೆಗೆ ಸಿಕ್ಕಿ ಬದುಕಿದವಳು. ಅವಳ ರಕ್ತ ವಾಸಿಯಾಗಿತ್ತು, ಮುದ್ದೆ ಸಾರು ಉಣ್ಣುತ್ತಿದ್ದಳು, ಮೈ ಬೆಚ್ಚಗಿತ್ತು. ಬಿಸಿಲು ಮಾತ್ರ ಐದು ನಿಮಿಷಕ್ಕಿಂತ ಹೆಚ್ಚು ತಡೆಯುತ್ತಿರಲಿಲ್ಲ. ಆಸ್ಪತ್ರೆಯಿಂದ ನೇರ ಅಣ್ಣನ ಮನೆಗೆ ಹೋಗಿ ಬಾಗಿಲಲ್ಲಿ ನಿಂತಿದ್ದಳಂತೆ. ಅಣ್ಣ ಪಕ್ಕಕ್ಕೆ ಸರಿದು ಕಾದ. ಅವಳು ಒಳಗೆ ಕಾಲಿಡಲಿಲ್ಲ. ಅವನು ಕದ ಹಾಕಿಕೊಂಡು ಫೋನು ಮಾಡಿದ. ಅಲ್ಲಿಂದ ಅವಳು ಊರಿಗೆಲ್ಲ ‘ಹೊಸ್ತಿಲು ದಾಟದವಳು’ ಆದಳು. ಅವಳು ನೂತ ಉಣ್ಣೆಯನ್ನು ಕೊಳ್ಳುವವರು ಕೋಲಿನ ತುದಿಯಲ್ಲಿ ಎತ್ತಿಕೊಂಡು ಹೋಗುತ್ತಿದ್ದರು.

ಓಬಳೇಶ ಬಂದು ಕೈಕಾಲು ತೊಳೆದು, ಕದ ಅಗಲವಾಗಿ ತೆರೆದಿಟ್ಟು, ಮುದ್ದೆ ತೊಳಸಿದ. ಒಂದು ತಟ್ಟೆಯನ್ನು ಹೊಸ್ತಿಲಿನಾಚೆ ಇಟ್ಟ, ಇನ್ನೊಂದನ್ನು ಈಚೆ. ಎಂಟು ತಿಂಗಳಿಂದ ಅವರ ಊಟ ಹೀಗೆ. ನಡುವೆ ನಾಲ್ಕು ಬೆರಳು ದಪ್ಪದ ಹೊಸ್ತಿಲು.

‘ಇವತ್ತು ಯಾರು?’ ಎಂದಳು ಸಿರಿಯಮ್ಮ.

‘ಗಿರಿಜಮ್ಮನ ಮಗ. ಪುಟ್ಟ.’

ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. ‘ಊರಿನೋರನ್ನೆಲ್ಲ ಮನೇಲಿ ಏನಂತ ಕರೀತಿದ್ರು ಅಂತ ನಿಮಗೊಬ್ರಿಗೇ ಗೊತ್ತು. ಕರೆಯಪ್ಪನೋರನ್ನ ಏನಂತ ಕರೀತಿದ್ರು?’

‘ಓಬಿ ಅಂತಿದ್ಲು ನಮ್ಮವ್ವ.’

‘ಹೆಂಡ್ತಿ?’

‘ಏನೂ ಅಂತಿರಲಿಲ್ಲ. ರೀ ಅಂತಿದ್ಲು. ಅಲ್ಲ, ನಿನ್ನ ಏನಂತಿದ್ರು?’

‘ಅದೊಂದು ಕೇಳಬ್ಯಾಡಿ. ಅದು ನಿಮ್ಮ ಕೆಲಸದ ಸಾಮಾನು’ ಎಂದು ಸಿರಿಯಮ್ಮ ನಕ್ಕಳು.

ನಕ್ಕಾಗ ಅವಳ ಎಡಗೆನ್ನೆಯ ಮೇಲಿನ ಸುಟ್ಟ ಕಲೆ ಮಡಚಿಕೊಳ್ಳುತ್ತಿತ್ತು. ಓಬಳೇಶನಿಗೆ ಅವಳ ಮೇಲೆ ಮನಸ್ಸಾಗಿ ಬಹಳ ದಿನವಾಗಿತ್ತು. ಸುಮ್ಮನೆ ಕ್ಯಾಮೆರಾ ಒರೆಸುವವನ ಹಾಗೆ ನಟಿಸಿ ಎಷ್ಟೋ ಸಲ ಅದನ್ನು ಅವಳ ಕಡೆ ತಿರುಗಿಸಿ ನೋಡಿದ್ದ. ಮುಖ, ಕೊರಳು, ಕೈ ಎಲ್ಲ ಕಿತ್ತಳೆ ಬಣ್ಣ. ಒಮ್ಮೆ ಅವಳಿಗೆ ಗೊತ್ತಾಗಿ, ‘ಬೆಂದಿದೀನಾ ಇನ್ನೂ ಹಸಿ ಇದೀನಾ ಅಂತ ನೋಡ್ತಿದೀರಾ?’ ಎಂದು ಕೇಳಿದ್ದಳು. ಅವನು ನಾಚಿ ಕ್ಯಾಮೆರಾ ಚೀಲಕ್ಕೆ ಹಾಕಿದ್ದ.

ಬೇಕಾಗಿದ್ದದ್ದು ಇಷ್ಟೇ: ಅವಳು ಒಂದು ದಿನ ಹೊಸ್ತಿಲು ದಾಟಿ ಒಳಗೆ ಕೂತು ಉಣ್ಣಬೇಕು. ಕರೆಯುವುದು ಅವನಿಗೆ ಕಷ್ಟವಲ್ಲ, ನಾಡಿಗೇ ಗೊತ್ತಿದ್ದ ದನಿ. ಆದರೆ ಕರೆದರೆ ಅವಳು ಬರುತ್ತಾಳೆ. ಅದೇ ತೊಂದರೆ. ಅವನು ಕರೆದವರೆಲ್ಲ ಬಂದಿದ್ದಾರೆ, ಇವಳೂ ಬರುತ್ತಾಳೆ, ಬಂದು ಪಕ್ಕದಲ್ಲಿ ಕೂರುತ್ತಾಳೆ. ಕೂತದ್ದು ಮನಸ್ಸಿನಿಂದಲೋ ರೋಗದ ಉಳಿಕೆಯಿಂದಲೋ ಸಾಯುವ ತನಕ ಗೊತ್ತಾಗುವುದಿಲ್ಲ. ಅವಳೇ ತಾನಾಗಿ ಬರಲಿ ಎಂದು ಅವನು ದಿನಾ ಕದ ತೆರೆದಿಟ್ಟ. ಹೋದ ತಿಂಗಳು ಧೂಳುಗಾಳಿ ಎದ್ದು ತೂಕದ ಮನೆಯ ತಗಡು ಹಾರಿಹೋದಾಗ ಅವಳು ಓಡಿಬಂದು ಹೊಸ್ತಿಲ ಮುಂದೆ ನಿಂತಳು. ಕಣ್ಣು ಮೂಗಿಗೆಲ್ಲ ಮಣ್ಣು ಹೊಡೆಯುತ್ತಿತ್ತು. ಅವನು ಒಳಗೆ, ಅವಳು ಹೊರಗೆ, ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಅವನು ನಾಲಗೆ ಕಚ್ಚಿಕೊಂಡ. ಅವಳು ಕಾಲೆತ್ತಲಿಲ್ಲ. ಗಾಳಿ ನಿಂತ ಮೇಲೆ ತಲೆಯ ಮಣ್ಣು ಕೊಡವಿಕೊಂಡು ಹೊರಟುಹೋದಳು. ಇನ್ನೂ ವಾಸಿಯಾಗಿಲ್ಲ ಎಂದು ಅವನು ಅವತ್ತೇ ಮನಸ್ಸಿನಲ್ಲಿ ಬರೆದುಕೊಂಡ.

ಮಂಡಳಿಯ ನಿಯಂತ್ರಣ ಕೊಠಡಿ ಇದ್ದದ್ದು ಹಳೆಯ ಮಾರುಕಟ್ಟೆ ಪ್ರಾಂಗಣದ ಹರಾಜು ಕಟ್ಟೆಯ ಮೇಲೆ. ಗೋಡೆ ತುಂಬ ಊರಿನ ನಕ್ಷೆ, ನಕ್ಷೆಯ ಮೇಲೆ ಅರವತ್ತೊಂದು ನೀಲಿ ಚುಕ್ಕೆ. ಮಿದುಳು ವೈದ್ಯೆ ಡಾಕ್ಟರ್ ಶಾಕಿರಾ ಅವನಿಗೆ ಕುರ್ಚಿ ತೋರಿಸಿದರು. ಊರಲ್ಲಿ ಅವನಿಗೆ ಕುರ್ಚಿ ತೋರಿಸುವವರು ಅವರೊಬ್ಬರೇ.

‘ಒಬ್ಬೊಬ್ಬರನ್ನೇ ಕರೀತಾ ಹೋದರೆ ಇನ್ನೂ ಒಂದು ವರ್ಷ ಬೇಕು ಓಬಳೇಶ್. ಅಷ್ಟರಲ್ಲಿ ಅವರಿಂದ ಇನ್ನೆಷ್ಟು ಜನಕ್ಕೆ ಹತ್ತುತ್ತೋ. ಸೋಮವಾರ ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲರನ್ನೂ ಒಟ್ಟಿಗೆ ಕರೀತೀವಿ. ನಲವತ್ತು ಕಡೆ ಮೈಕ್ ಕಟ್ಟಿಸಿದ್ದೀವಿ. ಧ್ವನಿ ನಿಮ್ಮದೇ. ನೀವು ಕರೆದ ಬಗೆಯೆಲ್ಲ ಅದರಲ್ಲಿದೆ, ಯಾವುದಾದರೂ ಒಂದು ಎಲ್ಲರಿಗೂ ತಾಗುತ್ತೆ.’

ಮೂರು ವರ್ಷ ಅವನ ಕೊರಳಿಗೆ ಕಟ್ಟಿದ್ದ ಸಣ್ಣ ಪೆಟ್ಟಿಗೆ ಅವನ ಪ್ರತಿ ಕರೆಯನ್ನೂ ಹಿಡಿದಿಟ್ಟಿತ್ತು. ಕಂಪ್ಯೂಟರು ಅವನ್ನೆಲ್ಲ ಹೊಲಿದು ಒಂದು ಮಾಡಿತ್ತು. ಡಾಕ್ಟರು ಕಿವಿಗೆ ಕೊಟ್ಟ ಯಂತ್ರದಲ್ಲಿ ಅವನು ತನ್ನನ್ನೇ ಕೇಳಿಸಿಕೊಂಡ. ಬನ್ನಿ. ಬಾರಪ್ಪ. ಬಾರವ್ವ. ಬಾರೋ ಸೀನ. ಬಾ ಮಗಾ, ಹೊತ್ತಾಯ್ತು. ಬಾರೇ ಇಲ್ಲಿ. ಬಾ ಪುಟ್ಟಾ. ಅವನು ಯಂತ್ರವನ್ನು ಕಿವಿಯಿಂದ ಕಿತ್ತು ಮೇಜಿನ ಮೇಲಿಟ್ಟ. ಒಂದೂರಿನ ಅಷ್ಟೂ ಪ್ರೀತಿಯನ್ನು ತಾನೊಬ್ಬನೇ ಹಾಳುಮಾಡಿದ ಹಾಗೆ ಅವನಿಗೆ ಅನ್ನಿಸಿತು.

‘ವಾಸಿಯಾದೋರು ಇದಾರಲ್ಲ ಮೇಡಂ, ಅವರ ಗತಿ?’

‘ರಕ್ತ ವಾಸಿಯಾಗಿದೆ. ಮಿದುಳಿನ ಆ ಭಾಗ ಮತ್ತೆ ಬೆಳೆದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅವರೆದುರು ಆ ಮಾತು ಆಡಬಾರದು ಅಂತ ಕಾನೂನು ಮಾಡಿದ್ದಾರೆ. ಆಡದೇ ನಾನು ಹೇಗೆ ಪರೀಕ್ಷೆ ಮಾಡಲಿ?’ ಡಾಕ್ಟರು ಕನ್ನಡಕ ತೆಗೆದರು. ‘ನಿಮ್ಮ ಪಕ್ಕದಲ್ಲೇ ಒಬ್ಬರು ಇದ್ದಾರಲ್ಲ. ನಿಮ್ಮ ಮನೆ ಒಳಗೆ ಬರ್ತಾರಾ?’

‘ಇಲ್ಲ.’

‘ಒಂದು ಸಲಾನೂ?’

‘ಒಂದು ಸಲಾನೂ ಇಲ್ಲ.’

‘ಹಾಗಾದರೆ ಬೆಳೆದಿಲ್ಲ’ ಎಂದರು ಡಾಕ್ಟರು. ‘ಅವತ್ತು ಅವರನ್ನ ಎಲ್ಲಾದರೂ ಕೂಡಿಹಾಕಿ ಬೀಗ ಹಾಕಿ. ಇಲ್ಲಾಂದ್ರೆ ನಿಮ್ಮ ಧ್ವನಿ ಬಂದ ಕಡೆ ಎದ್ದು ನಡೀತಾರೆ. ಎಲ್ಲಕ್ಕಿಂತ ಹತ್ತಿರದ ಮೈಕು ನಿಮ್ಮ ಮನೆಯಿಂದ ಅರ್ಧ ಮೈಲಿ. ಅವರ ಚರ್ಮ ಅಲ್ಲೀವರೆಗೂ ತಡೆಯಲ್ಲ.’

ಅವನು ಮುಂದೂಡಿ ಎಂದು ಕೇಳಿದ. ಅವರ ಕೈಯಲ್ಲಿ ಇರಲಿಲ್ಲ. ಬರುವಾಗ ಅಂಗಡಿಯಲ್ಲಿ ಬೀಗ ಕೊಂಡ.

ಬೀಗ ನೋಡಿ ಸಿರಿಯಮ್ಮನ ಮುಖ ಗಟ್ಟಿಯಾಯಿತು. ಅವನು ಇದ್ದದ್ದು ಇದ್ದ ಹಾಗೆ ಹೇಳಿದ. ಅವಳು ನೂಲುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

‘ಆಸ್ಪತ್ರೇಲಿ ನಲವತ್ತು ದಿನ ಹೊರಗಿಂದ ಚಿಲಕ ಹಾಕಿದ್ರು. ಸಾಕಾಗೈತೆ ನಂಗೆ’ ಎಂದಳು. ‘ಎಲ್ಲಿ ಕೂಡಿಹಾಕ್ತೀರಿ? ನಿಮ್ಮ ಮನೇಲಾ? ಒಳಗೆ ಹೆಂಗೆ ಕರ್ಕೊಂಡು ಹೋಗ್ತೀರಿ?’

‘ಎತ್ಕೊಂಡು ಹೋಗ್ತೀನಿ.’

‘ಕುರಿಮರಿ ಎತ್ಕೊಂಡು ಹೋದಂಗೆ. ಬ್ಯಾಡ. ನಾನು ಇಲ್ಲೇ ಕೂತಿರ್ತೀನಿ. ಎದ್ರೆ ಎದ್ದೆ.’

‘ಎದ್ರೆ ಸತ್ತೋಗ್ತೀಯ ಸಿರಿಯಮ್ಮ. ನಾನು ನೋಡಿದೀನಿ. ಲಕ್ಕಮ್ಮ ಹಿಂಗೇ ಹೋದ್ಲು.’

ಲಕ್ಕಮ್ಮ ಅವನ ಹೆಂಡತಿ. ಈ ಮಾತನ್ನು ಅವನು ಯಾರಿಗೂ ಪೂರ್ತಿ ಹೇಳಿರಲಿಲ್ಲ. ರೋಗ ಬಂದ ಮೊದಲ ತಿಂಗಳು. ಲಕ್ಕಮ್ಮ ಕಾಣೆಯಾಗಿ ಹದಿನೈದು ದಿನವಾಗಿತ್ತು. ಹುಡುಕಿ ಸಾಕಾಗಿ, ಹೊಟ್ಟೆಪಾಡಿಗೆ ಅವನು ಮತ್ತೆ ಬಸ್ ಸ್ಟ್ಯಾಂಡಿಗೆ ಹೋಗಿ ಕೂಗತೊಡಗಿದ. ಏಪ್ರಿಲ್ ಬಿಸಿಲು. ಎದುರಿನ ಮುಚ್ಚಿದ ಗೋಡೌನಿನಿಂದ ಏಳು ಜನ ಸಾಲಾಗಿ ಹೊರಟು ಬಂದರು. ಕೊನೆಯವಳು ಅವಳು. ರಸ್ತೆ ದಾಟುವ ಮೊದಲೇ ಎಲ್ಲರೂ ಬಿದ್ದರು. ಕರೆದರೆ ಬರುತ್ತಾರೆ ಎಂಬ ಸಂಗತಿ ಲೋಕಕ್ಕೆ ಗೊತ್ತಾದದ್ದು ಹಾಗೆ. ಮರುವಾರವೇ ಮಂಡಳಿ ಅವನನ್ನು ಹುಡುಕಿಕೊಂಡು ಬಂತು.

‘ಗಂಡ ಕರೀತಾವ್ನೆ ಅಂತ ಬಂದ್ಲೋ, ಕಾಲು ಬಂತು ಅಂತ ಬಂದ್ಲೋ, ಇವತ್ತಿಗೂ ಗೊತ್ತಿಲ್ಲ ನಂಗೆ’ ಎಂದ ಓಬಳೇಶ.

‘ಏನಂತ ಕೂಗ್ತಿದ್ರಿ?’

‘ಬನ್ನಿ ಬನ್ನಿ ಅಂತ.’

‘ಹೆಂಡ್ತೀನ ಬನ್ನಿ ಅಂತ ಯಾರಾದ್ರೂ ಕರೀತಾರಾ?’ ಎಂದಳು ಸಿರಿಯಮ್ಮ. ‘ಅದು ಅವಳನ್ನ ಕರೆದಿದ್ದಲ್ಲ ಕಣ್ರೀ. ಪಾವಗಡದೋರನ್ನ ಕರೆದಿದ್ದು. ಅವಳು ಬಂದದ್ದು ರೋಗಕ್ಕೆ. ಅದನ್ನ ನಿಮ್ಮ ತಲೆ ಮ್ಯಾಲೆ ಹಾಕ್ಕೋಬ್ಯಾಡಿ.’

ಅವನಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ. ಆದರೆ ಮೂರು ವರ್ಷದಲ್ಲಿ ಆ ಮಾತನ್ನು ಕೇಳಿಸಿಕೊಂಡು ಎದ್ದುಹೋಗದೆ ಕೂತವರು ಇವಳೊಬ್ಬಳೇ. ಬೀಗವನ್ನು ಅವನು ಕಿಟಕಿಯಲ್ಲಿಟ್ಟ. ಕಡೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು: ಅವಳು ಜಗಲಿಯಲ್ಲೇ ಕೂರುವುದು, ಅವನು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಳ್ಳುವುದು.

ಸೋಮವಾರ ಬೆಳಿಗ್ಗೆಯಿಂದಲೇ ಊರಿನವರು ಕದ ಹಾಕಿಕೊಂಡು ಕಿವಿಗೆ ಹತ್ತಿ ಇಟ್ಟುಕೊಂಡರು. ನಾಯಿಗಳು ಕೂಡ ಬೀದಿಯಲ್ಲಿರಲಿಲ್ಲ. ಹನ್ನೆರಡರ ಹೊತ್ತಿಗೆ ಬಿಸಿಲು ರಸ್ತೆಯ ಮೇಲೆ ಅಲುಗಾಡುತ್ತಿತ್ತು. ಸಿರಿಯಮ್ಮ ಎರಡು ಕಂಬಳಿ ಹಾಸಿ, ಒಂದರ ಮೇಲೆ ತಾನು ಕೂತು ಇನ್ನೊಂದನ್ನು ಅವನ ಕಡೆಗೆ ತಳ್ಳಿದಳು. ಕದಿರು ತಿರುಗಿಸುತ್ತ ನೂಲು ತೆಗೆಯತೊಡಗಿದಳು. ಅವನು ಅವಳ ಎಡಗೈ ಮಣಿಕಟ್ಟು ಹಿಡಿದ. ಎಂಟು ತಿಂಗಳಲ್ಲಿ ಮುಟ್ಟಿದ್ದು ಅದೇ ಮೊದಲು. ಬೆಚ್ಚಗಿತ್ತು. ಕ್ಯಾಮೆರಾ ಹೇಳಿದ್ದು ನಿಜವೇ ಎಂದು ಅಂಥ ಹೊತ್ತಿನಲ್ಲೂ ಅವನಿಗೆ ಖುಷಿಯಾಯಿತು.

ಸೈರನ್ ಕೂಗಿತು. ಆಮೇಲೆ ಅವನ ದನಿ ಊರಿನ ನಾಲ್ಕೂ ದಿಕ್ಕಿನಿಂದ ಎದ್ದಿತು. ಬನ್ನಿ. ಬಾರಪ್ಪ. ಬಾರವ್ವ.

ಒಂದು, ಎರಡು, ಮೂರು. ಎದುರಿನ ಮಿಲ್ಲಿನ ಬಾಗಿಲು ಕಿರುಗುಟ್ಟಿತು. ಒಬ್ಬ ಮುದುಕ, ಅವನ ಹಿಂದೆ ಶಾಲೆಯ ಮೇಷ್ಟ್ರ ಹಾಗೆ ಇನ್ ಶರ್ಟ್ ಮಾಡಿಕೊಂಡಿದ್ದ ಒಬ್ಬ, ಅವನ ಹಿಂದೆ ಒಬ್ಬಳು ಹೆಂಗಸು. ದೂರದ ರಸ್ತೆಯಲ್ಲೂ ಜನ ನಡೆದು ಬರುತ್ತಿದ್ದರು. ಎಲ್ಲರ ನಡಿಗೆಯಲ್ಲೂ ಮನೆಗೆ ಹೊರಟವರ ಆತುರವಿತ್ತು. ಬಾ ಮಗಾ, ಹೊತ್ತಾಯ್ತು, ಎಂದಿತು ದನಿ. ಓಬಳೇಶ ಅವರನ್ನು ನೋಡಲಿಲ್ಲ. ಮೊದಲ ಸಲ ನಿಯಮ ಮುರಿದು ಕಣ್ಣು ಮುಚ್ಚಿ, ಹಿಡಿದ ಕೈಯನ್ನೇ ಎರಡೂ ಕೈಯಿಂದ ಒತ್ತಿಹಿಡಿದು, ಈಗ ಎಳೆಯುತ್ತಾಳೆ, ಈಗ ಏಳುತ್ತಾಳೆ ಎಂದು ಕಾಯುತ್ತಿದ್ದ.

‘ಕೈ ಒಸಿ ಸಡಿಲ ಬಿಡಿ. ಎಳೆ ತುಂಡಾಯ್ತದೆ’ ಎಂದಳು ಸಿರಿಯಮ್ಮ.

ಅವನು ಕಣ್ಣು ಬಿಟ್ಟ. ಕದಿರು ತಿರುಗುತ್ತಲೇ ಇತ್ತು. ಅವಳ ಕೆನ್ನೆ ಒದ್ದೆಯಾಗಿತ್ತು, ಕಣ್ಣು ರಸ್ತೆಯ ಮೇಲಿತ್ತು. ಬಾರೇ ಇಲ್ಲಿ, ಎಂದು ನಲವತ್ತು ಮೈಕುಗಳು ಕರೆದವು. ಅವಳು ಕೂತಲ್ಲಿಂದ ಅಲುಗಲಿಲ್ಲ.

ಹತ್ತು ನಿಮಿಷಕ್ಕೆ ಎಲ್ಲ ಮುಗಿಯಿತು. ಗಾಡಿಗಳು ಬಂದವು, ಹೋದವು. ಓಬಳೇಶ ಜಗಲಿಯ ಕಂಬಕ್ಕೆ ತಲೆ ಒರಗಿಸಿ ದನಿ ತೆಗೆದು ಅತ್ತ. ಅವಳು ಬೇಡ ಅನ್ನಲಿಲ್ಲ. ಅತ್ತು ಮುಗಿದ ಮೇಲೆ ಚೊಂಬಿನಲ್ಲಿ ನೀರು ತಂದು ಮುಂದಿಟ್ಟಳು.

‘ಎದ್ದು ಹೋಗ್ಬೇಕು ಅನ್ನಿಸ್ಲೇ ಇಲ್ವಾ ನಿಂಗೆ?’ ಎಂದು ಕೇಳಿದ.

‘ಎಲ್ಲಿಗೆ? ಅವರನ್ನ ಕರೆದಿದ್ದು ಅದು. ನನ್ನನ್ನಲ್ಲ.’

‘ಹಂಗಾದ್ರೆ ನೀನು ಪೂರಾ ವಾಸಿಯಾಗಿದೀಯ.’

‘ಆಗಿ ಎಂಟು ತಿಂಗಳಾಯ್ತಲ್ಲ. ಯಾರು ಇಲ್ಲ ಅಂದ್ರು?’

‘ಮತ್ತೆ ಹೊಸ್ತಿಲು? ಅವತ್ತು ಗಾಳೀಲಿ ಅಷ್ಟು ಹೊತ್ತು ನಿಂತೆ. ಕದ ತೆರೆದೇ ಇತ್ತು. ಒಳಗೆ ಕಾಲಿಡಲಿಲ್ಲ ನೀನು.’

ಸಿರಿಯಮ್ಮ ಅವನನ್ನೇ ನೋಡಿದಳು. ಅವನು ತಮಾಷೆ ಮಾಡುತ್ತಿದ್ದಾನೋ ಎಂದು ಅವಳಿಗೆ ಅನುಮಾನ. ಅಲ್ಲವೆಂದು ಗೊತ್ತಾದಾಗ ಅವಳ ಮುಖ ಕೆಂಪಾಯಿತು.

‘ನೀವು ಕರೀಲಿಲ್ಲ’ ಎಂದಳು. ‘ಕದ ತೆಗೆದಿಟ್ರೆ ಆಯ್ತಾ? ಕದ ಗಾಳಿಗೂ ತೆಗೀತದೆ. ಕರೀದೆ ಇದ್ದೋರ ಮನೆಗೆ ಹೋಗೋಳಲ್ಲ ನಾನು. ನಮ್ಮವ್ವ ಕಲಿಸಿರೋದು ಅದೊಂದೇ. ಅಣ್ಣನ ಮನೆ ಬಾಕ್ಲಾಗೂ ಅಷ್ಟೇಯ. ಒಡಹುಟ್ಟಿದೋನು, ಬಾರವ್ವ ಅಂತ ಒಂದು ಮಾತು ಅನ್ಲಿ ಅಂತ ನಿಂತೆ. ಸರಿದು ನಿಂತ್ಕಂಡು ನನ್ನ ಕಾಲು ನೋಡ್ತಿದ್ದ. ಮುಖ ನೋಡ್ಲಿಲ್ಲ. ನಾಯಿ ನುಗ್ಗಿದಂಗೆ ನುಗ್ಲಾ?’

ಇಡೀ ಊರು, ಮಂಡಳಿ, ಕನ್ನಡಕದ ಡಾಕ್ಟರು, ಓಬಳೇಶ, ಎಲ್ಲರೂ ಸೇರಿ ಒಬ್ಬಳ ಮಾನಮರ್ಯಾದೆಯನ್ನು ರೋಗದ ಲಕ್ಷಣ ಎಂದು ಬರೆದುಕೊಂಡಿದ್ದರು. ಎಂಟು ತಿಂಗಳು ಅವನು ಒಳಗೆ ಕೂತು ಅವಳು ಬರಲಿ ಎಂದು ಕಾದ, ಅವಳು ಹೊರಗೆ ಕೂತು ಅವನು ಕರೆಯಲಿ ಎಂದು ಕಾದಳು. ಆ ನಾಲ್ಕು ಬೆರಳು ಮರದ ಆಚೆ ಈಚೆ ಅವರು ಉಂಡ ಮುದ್ದೆಯನ್ನೆಲ್ಲ ನೆನೆದು ಅವನಿಗೆ ನಾಚಿಕೆಯೂ ನೋವೂ ಆಯಿತು.

ಅವನು ಎದ್ದು ಒಳಗೆ ಹೋದ. ಹೊಸ್ತಿಲಿನೊಳಗೆ ಅವಳ ಕಡೆ ತಿರುಗಿ ನಿಂತ. ಒಂದೇ ಅಕ್ಷರ. ಬಸ್ ಸ್ಟ್ಯಾಂಡಿನಲ್ಲಿ ದಿನಕ್ಕೆ ಸಾವಿರ ಸಲ ಕೂಗುತ್ತಿದ್ದ ಬಾಯಿ, ಈಗ ತಾನೇ ಊರೆಲ್ಲ ಮೊಳಗಿದ ದನಿ. ಆದರೂ ಆ ಅಕ್ಷರ ನಾಲಗೆಗೆ ಬರಲಿಲ್ಲ. ಕರೆದರೆ ಬರುತ್ತಾರೆ ಎಂದು ಗೊತ್ತಿದ್ದವರನ್ನಷ್ಟೇ ಅವನು ಇಷ್ಟು ವರ್ಷ ಕರೆದದ್ದು. ಬಂದರೂ ಬರಬಹುದು, ಬರದೆಯೂ ಇರಬಹುದು ಎಂಬವರನ್ನು ಕರೆಯುವುದು ಹೇಗೆಂದು ಮರೆತೇಹೋಗಿತ್ತು.

‘ಬಾ’ ಎಂದ. ಬಸ್ ಸ್ಟ್ಯಾಂಡಿನ ದನಿಯಲ್ಲ, ಮೈಕಿನ ದನಿಯೂ ಅಲ್ಲ. ಒಡೆದು, ಅರ್ಧ ಉಸಿರಾಗಿ ಬಂತು. ‘ಒಳಗೆ ಬಾ ಸಿರಿ.’

ರೂಢಿಯಂತೆ ಎಣಿಕೆ ತನ್ನಷ್ಟಕ್ಕೆ ಶುರುವಾಯಿತು. ಒಂದು. ಎರಡು. ಮೂರು. ಸಿರಿಯಮ್ಮ ಏಳಲಿಲ್ಲ. ನಾಲ್ಕು, ಐದು. ನೂಲನ್ನು ಕದಿರಿಗೆ ಸುತ್ತಿದಳು. ಎಂಟು, ಒಂಬತ್ತು. ಉಣ್ಣೆಯ ಬುಟ್ಟಿಗೆ ಬಟ್ಟೆ ಮುಚ್ಚಿದಳು. ಹದಿಮೂರಕ್ಕೆ ತಲೆಯೆತ್ತಿ ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

‘ಇವತ್ತು ಬ್ಯಾಡ ಕಣ್ರೀ’ ಎಂದಳು. ‘ಇವತ್ತು ಈ ಮಾತು ಕೇಳಿ ಅಷ್ಟು ಜನ ಬಂದು ಹೋದ್ರು. ಅದೇ ದಿನ ಅದೇ ಮಾತಿಗೆ ನಾನೂ ಬಂದೆ ಅಂತ ಆಗೋದು ಬ್ಯಾಡ.’ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದಳು. ತೂಕದ ಮನೆಯ ಕಡೆ ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. ‘ನಾಳೆ ಬರ್ತೀನಿ. ನಮ್ಮನೇಲಿ ನನ್ನ ಚಿನ್ನಿ ಅಂತಿದ್ರು.’

ಅವಳು ಒಳಗೆ ಮರೆಯಾದ ಮೇಲೂ ಓಬಳೇಶ ಹೊಸ್ತಿಲಲ್ಲೇ ನಿಂತಿದ್ದ. ಅವನು ಕರೆದೂ ಬರದೆ ಉಳಿದವಳು ಈ ಲೋಕದಲ್ಲಿ ಅವಳೊಬ್ಬಳೇ. ಒಳಗೆ ಮುದ್ದೆ ಆರುತ್ತಿತ್ತು. ಒಂದೇ ತಟ್ಟೆ ಹಾಕಿಕೊಂಡು, ತೆರೆದ ಕದಕ್ಕೆ ಮುಖ ಮಾಡಿ ಒಬ್ಬನೇ ಕೂತು ಉಂಡ.